ಸಂದಿಗೆ ಮರದ ಪುಡಿ ತುಂಬಿದರೆ ಸ್ಟೂಲ್ ನಿಲ್ಲದು

ಮನೆಗೊಂದು ಸ್ಟೂಲ್ ಮಾಡೋಣ, ಮೊಳೆ ಬಡಿಯುವ ಬದಲು ಈ ಸಲ ಮಾರ್ಟಿಸ್-ಟೆನನ್ ಜೋಡಣೆ (ಒಂದು ಮರದ ತೂತಿಗೆ ಇನ್ನೊಂದರ ನಾಲಿಗೆಯಂಥ ತುದಿ, ಅಂದರೆ ಟೆನನ್, ಕೂರಿಸುವುದು) ಕಲಿಯೋಣ ಎಂದು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ. ಟೆನನ್ ತೆಳ್ಳಗಾಗಿ ತೂತಿನಲ್ಲಿ ಲೊಡಲೊಡ ಅಲ್ಲಾಡುತ್ತದೆ. ಆಗ ಪಕ್ಕದಲ್ಲಿದ್ದವರ ಸಲಹೆ ಸಿದ್ಧವಾಗಿರುತ್ತದೆ: "ಮರದ ಪುಡಿಗೆ ಫೆವಿಕಾಲ್ ಕಲಸಿ ತುಂಬಿ, ಕಲ್ಲಿನ ಹಾಗೆ ಗಟ್ಟಿಯಾಗುತ್ತೆ." ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಅದು ಗಟ್ಟಿಯಾಗುವುದಿಲ್ಲ.

ಫೆವಿಕಾಲ್‌ನಂಥ ಮರಗೆಲಸದ ಬಿಳಿ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ನೀರು ಆರಿದಂತೆ ಅಂಟು ಕುಗ್ಗುತ್ತದೆ. ಎರಡು ಮೈಗಳು ಒತ್ತಿ ಕೂತಿದ್ದರೆ ನಡುವೆ ಉಳಿಯುವುದು ಸುಮಾರು 0.1 ಮಿ.ಮೀ. ಪದರ. ಅದು ಎರಡೂ ಕಡೆಯ ನಾರನ್ನು ಕಚ್ಚಿ ಹಿಡಿಯುತ್ತದೆ. ಬಲ ಇರುವುದು ಅಲ್ಲೇ. 2 ಮಿ.ಮೀ. ಸಂದಿಯಲ್ಲಿ ಅದೇ ಅಂಟು ಕುಗ್ಗಿ ಒಳಗೊಳಗೇ ಪೊಳ್ಳಾಗುತ್ತದೆ. ಪುಡಿ ಸೇರಿಸಿದರೂ ಅಷ್ಟೇ. ಮರದ ಬಲವೆಲ್ಲ ಉದ್ದಕ್ಕೆ ಓಡುವ ನಾರಿನದು, ಗರಗಸ ತುಂಡರಿಸಿರುವುದು ಆ ನಾರನ್ನೇ. ಕೂತವರು ಪಕ್ಕಕ್ಕೆ ವಾಲಿದರೆ ಸ್ಟೂಲಿನ ಕಾಲು ಸನ್ನೆಗೋಲಿನಂತೆ ಟೆನನ್ ಅನ್ನು ಮೀಟುತ್ತದೆ. ಆ ಮೀಟುವಿಕೆಯನ್ನು ತಡೆಯಬೇಕಾದದ್ದು ಮರ, ಅಂಟಿನ ಮುದ್ದೆ ಅಲ್ಲ. ಪಾಲಿಶ್‌ಗೆ ಮೊದಲು ಮೇಲ್ಮೈಯ ಸಣ್ಣ ಬಿರುಕು ಮುಚ್ಚಲು ಪುಡಿ-ಅಂಟು ಸರಿ, ಭಾರ ಹೊರುವ ಜಾಗಕ್ಕೆ ಸಲ್ಲದು.

ಸಡಿಲವಾದ ಟೆನನ್‌ಗೆ ಮದ್ದು ಬೇರೆಯೇ ಇದೆ. ಅದೇ ಮರದ ತೆಳು ಚಕ್ಕೆಯೊಂದನ್ನು, ನಾರು ಒಂದೇ ದಿಕ್ಕಿಗಿರುವಂತೆ, ಟೆನನ್‌ನ ಕೆನ್ನೆಗೆ, ಅಂದರೆ ಅಗಲದ ಮೈಗೆ, ಅಂಟಿಸಿ ಒಣಗಲು ಬಿಡಿ. ಮರುದಿನ ಚೂಪಾದ ಉಳಿಯಿಂದ ಸ್ವಲ್ಪ ಸ್ವಲ್ಪವೇ ಕೆತ್ತುತ್ತಾ ಕೂರಿಸಿ ನೋಡಿ. ಕೈಯಿಂದ ಒತ್ತಿದರೆ ಅರ್ಧ ಇಳಿಯಬೇಕು, ಉಳಿದದ್ದು ಕೊಡತಿಯ ಮೆಲ್ಲನೆಯ ಏಟಿಗೆ. ಅಂಟಿಲ್ಲದೆಯೇ ಎತ್ತಿ ಹಿಡಿದರೂ ಕಳಚಿ ಬೀಳಬಾರದು. ಸಂದಿ ತುಂಬಲೇಬೇಕೆಂದರೆ ಎಪಾಕ್ಸಿ ಇದೆ. ಅದರಲ್ಲಿ ಆರಿಹೋಗುವ ನೀರಿಲ್ಲ.

ಜೋಡಣೆಯ ಬಗ್ಗೆ ಇರುವ ಇನ್ನುಳಿದ ತಪ್ಪು ನಂಬಿಕೆಗಳಿಗೂ ಉತ್ತರ ಹೇಳಿಬಿಡುತ್ತೇನೆ: ಅಂಚಿನ ಹತ್ತಿರ "ಭದ್ರತೆಗೆ" ಹೊಡೆದ ಮೊಳೆ ಟೆನನ್ ಅನ್ನು ಸೀಳುತ್ತದೆ. ತೇಗವೂ ಮಳೆಗಾಲದಲ್ಲಿ ಅಗಲಕ್ಕೆ ಹಿಗ್ಗುತ್ತದೆ. ಡವ್‌ಟೇಲ್ ಜೋಡಣೆ (ಪಾರಿವಾಳದ ಬಾಲದಂತೆ ಅಗಲಿಸಿ ಕೆತ್ತಿದ್ದು) ಎಲ್ಲ ಕಡೆಗೂ ಬಲವಲ್ಲ, ಅದು ಬಿಗಿಹಿಡಿಯುವುದು ಒಂದು ದಿಕ್ಕಿನ ಎಳೆತವನ್ನು. ಜಪಾನಿನ ಹಳೆಯ ದೇವಾಲಯಗಳಲ್ಲಿ ಒಂದೂ ಮೊಳೆಯಿಲ್ಲ ಎನ್ನುವುದೂ ಸುಳ್ಳು, ಅಲ್ಲಿನ ಹೋರ್ಯೂಜಿ ದೇವಾಲಯದಲ್ಲೇ ಕಬ್ಬಿಣದ ಮೊಳೆಗಳಿವೆ.

ಮುರಿದ ಮೇಜಿನ ಕಾಲಿಗೆ ನೂಡಲ್ಸ್ ತುರುಕಿ, ಸೂಪರ್ ಗ್ಲೂ ಸುರಿದು, ಉಜ್ಜಿ ಬಣ್ಣ ಹಚ್ಚುವ ವಿಡಿಯೊಗಳನ್ನು ಜನ ಬಾಯಿಬಿಟ್ಟು ನೋಡಿ ಹತ್ತು ಮಂದಿಗೆ ಕಳಿಸುತ್ತಾರೆ. ಆ ಮೇಜಿನ ಮೇಲೆ ಭಾರ ಹೇರುವುದನ್ನು ಯಾರೂ ತೋರಿಸುವುದಿಲ್ಲ, ನೋಡಿದವರೂ ಕೇಳುವುದಿಲ್ಲ. ಹೊರಗಿನ ಹೊಳಪನ್ನೇ ಬಲವೆಂದು ನಂಬುವ ಚಟ ನಮಗೆ ಅಂಟಿಬಿಟ್ಟಿದೆ. ಅದಕ್ಕೆ ವಾದ ಬೇಡ, ಎರಡು ಚೂರು ಮರ ಸಾಕು. ಒಂದು ಜೋಡಣೆ ಬಿಗಿಯಾಗಿ ಮಾಡಿ, ಇನ್ನೊಂದಕ್ಕೆ ಪುಡಿ ತುಂಬಿ. ಒಂದು ದಿನ ಒಣಗಿಸಿ, ಎರಡನ್ನೂ ಮುರಿಯಿರಿ. ಬಿಗಿಯಾದದ್ದು ಮರದ ನಾರನ್ನೇ ಕಿತ್ತುಕೊಂಡು ಬರುತ್ತದೆ, ಪುಡಿಯದ್ದು ಪುಡಿಯಲ್ಲೇ ಬಿಡುತ್ತದೆ. ಇಷ್ಟು ಮಾಡಿ ನೋಡದವರ ಸಲಹೆಯ ಮೇಲೆ ನಿಮ್ಮ ಮನೆಯವರನ್ನು ಕೂರಿಸಬೇಡಿ.