ಲಡಾಖ್ ಬೈಕ್ ಯಾತ್ರೆ: ಎಷ್ಟು ದಿನದ ರಜೆ ಬೇಕು?

ಬೆಂಗಳೂರಿನಿಂದ ಹುಬ್ಬಳ್ಳಿಗೆ ಸುಮಾರು 410 ಕಿ.ಮೀ. ಬೆಳಗಿನ ಜಾವ ಬೈಕ್ ಹತ್ತಿದವರು ತುಮಕೂರಿನ ಬಳಿ ತಟ್ಟೆ ಇಡ್ಲಿ ತಿಂದು, ಮಧ್ಯಾಹ್ನದ ಊಟದ ಹೊತ್ತಿಗೆಲ್ಲ ಹುಬ್ಬಳ್ಳಿ ಸೇರಬಹುದು. ಶ್ರೀನಗರದಿಂದ ಲೇಹ್‌ಗೂ ಹೆಚ್ಚುಕಡಿಮೆ ಅಷ್ಟೇ ದೂರ, 420 ಕಿ.ಮೀ. ಆದರೆ ಆ ದಾರಿಗೆ ಮೂರು ದಿನ ಇಟ್ಟುಕೊಳ್ಳಿ ಎಂದರೆ ಮೊದಲ ಸಲ ಲಡಾಖ್‌ಗೆ ಹೊರಟವರಿಗೆ ಅದು ಅತಿಯೆನಿಸುತ್ತದೆ. ಕಿಲೋಮೀಟರುಗಳನ್ನು ಕೂಡಿ, ದಿನಕ್ಕೆ ಇನ್ನೂರು ಮುನ್ನೂರರಂತೆ ಭಾಗಿಸಿ, ಒಂದು ವಾರದ ರಜೆಗೆ ಅರ್ಜಿ ಹಾಕಿಬಿಡುತ್ತಾರೆ.

ಈ ದಾರಿಯಲ್ಲಿ ದೂರಕ್ಕಿಂತ ಮೊದಲು ನೋಡಬೇಕಾದದ್ದು ಎತ್ತರ. ಕರ್ನಾಟಕದ ಅತ್ಯುನ್ನತ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಹಿಮಾಚಲದ ತಪ್ಪಲಿನ ಪೇಟೆ ಮನಾಲಿಯೇ ಅದಕ್ಕಿಂತ ಎತ್ತರದಲ್ಲಿದೆ. ಲೇಹ್ ಪಟ್ಟಣ 3,500 ಮೀಟರ್, ಮನಾಲಿ–ಲೇಹ್ ದಾರಿಯ ಅತಿ ಎತ್ತರದ ತಾಣವಾದ ತಂಗ್‌ಲಂಗ್ ಲಾ ಪಾಸ್ (ಬೆಟ್ಟ ದಾಟುವ ದಾರಿ) 5,328 ಮೀಟರ್. ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಬದಲಾಗುವುದಿಲ್ಲ, ಗಾಳಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಲೇಹ್‌ನಲ್ಲಿ ಪ್ರತಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದಲ್ಲಿ ಸಿಗುವುದರ ಮೂರನೇ ಎರಡು ಭಾಗ ಮಾತ್ರ. ತಂಗ್‌ಲಂಗ್ ಲಾದಲ್ಲಿ ಅದು ಅರ್ಧಕ್ಕೆ ಬರುತ್ತದೆ. ಅಲ್ಲಿ ಎಂಜಿನ್‌ಗೂ ಉಸಿರು ಸಾಲದೆ, ಊರಲ್ಲಿ ಮೂರನೇ ಗೇರಿನಲ್ಲಿ ಸಲೀಸಾಗಿ ಏರುವ ಬೈಕ್ ಎರಡಕ್ಕೋ ಒಂದಕ್ಕೋ ಇಳಿಯಬೇಕಾಗುತ್ತದೆ.

ದೇಹ ಇದಕ್ಕೆ ಹೊಂದಿಕೊಳ್ಳುತ್ತದೆ, ಆದರೆ ನಿಧಾನವಾಗಿ. ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು, ಸುಸ್ತು ಇವೆಲ್ಲ ಎತ್ತರದ ಕಾಯಿಲೆಯ ಆರಂಭದ ಲಕ್ಷಣಗಳು. ಮೇಲೆ ತಲುಪಿದ ತಕ್ಷಣವಲ್ಲ, ಸಾಮಾನ್ಯವಾಗಿ ಆರರಿಂದ ಹನ್ನೆರಡು ಗಂಟೆ ಕಳೆದ ಮೇಲೆ, ಹೆಚ್ಚಾಗಿ ರಾತ್ರಿ, ಅವು ಕಾಣಿಸಿಕೊಳ್ಳುತ್ತವೆ. ನಿರ್ಲಕ್ಷಿಸಿ ಇನ್ನೂ ಮೇಲೇರಿದರೆ ಶ್ವಾಸಕೋಶದಲ್ಲಿ ನೀರು ತುಂಬುವ, ಮಿದುಳು ಊದಿಕೊಳ್ಳುವ ಪ್ರಾಣಾಪಾಯದ ಹಂತಕ್ಕೂ ಹೋಗಬಹುದು. ಅದಕ್ಕೇ ವೈದ್ಯರು ಹಗಲು ದಾಟುವ ಪಾಸ್‌ನ ಎತ್ತರಕ್ಕಿಂತ ರಾತ್ರಿ ಮಲಗುವ ಜಾಗದ ಎತ್ತರಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಇನ್ನೊಂದು ರಾತ್ರಿ ತಂಗಬೇಕು ಎಂಬುದು ಪರ್ವತ ವೈದ್ಯಕೀಯದ ಸಾಮಾನ್ಯ ಸಲಹೆ.

ಈ ಸಲಹೆಯನ್ನು ನಕ್ಷೆಯ ಮೇಲಿಟ್ಟು ನೋಡಿದರೆ ಯಾವ ಕಡೆಯಿಂದ ಏರಬೇಕೆಂಬುದು ತಾನಾಗಿ ತಿಳಿಯುತ್ತದೆ.

ಮನಾಲಿ ಕಡೆಯಿಂದ ಹೊರಟರೆ ಮೊದಲ ರಾತ್ರಿ ಕೇಲಾಂಗ್ ಅಥವಾ ಜಿಸ್ಪಾದಲ್ಲಿ, ಅಂದರೆ 3,100–3,200 ಮೀಟರ್‌ನಲ್ಲಿ. ಮರುರಾತ್ರಿಗೆ ಸಿಗುವುದು ಸರ್ಚುವಿನ ಟೆಂಟುಗಳು, ಸುಮಾರು 4,290 ಮೀಟರ್. ಒಂದೇ ದಿನದಲ್ಲಿ ಸಾವಿರ ಮೀಟರ್‌ಗೂ ಮಿಕ್ಕಿದ ಜಿಗಿತ. 2020ರ ಅಕ್ಟೋಬರ್‌ನಲ್ಲಿ ಉದ್ಘಾಟನೆಯಾದ 9.02 ಕಿ.ಮೀ. ಉದ್ದದ ಅಟಲ್ ಸುರಂಗ ರೋಹ್ತಾಂಗ್ ಪಾಸ್‌ನ ಸುತ್ತನ್ನು ತಪ್ಪಿಸಿ 46 ಕಿ.ಮೀ. ಉಳಿಸಿಕೊಟ್ಟಿದೆ. ಹೀಗೆ ಉಳಿದ ನಾಲ್ಕೈದು ಗಂಟೆಯನ್ನು ಇನ್ನಷ್ಟು ಮೇಲೆ ಹೋಗಲು ಬಳಸುವ ಆಸೆ ಹುಟ್ಟುತ್ತದೆ. ಅದೇ ಅಪಾಯ. ಈ ಕಡೆಯಿಂದಲೇ ಏರಬೇಕೆಂದಿದ್ದರೆ ಜಿಸ್ಪಾದಲ್ಲಿ ಎರಡು ರಾತ್ರಿ ಕಳೆಯುವುದು ಕ್ಷೇಮ.

ಶ್ರೀನಗರದ ದಾರಿ ಹೆಚ್ಚು ದಯೆ ತೋರುತ್ತದೆ. ಶ್ರೀನಗರ ಸುಮಾರು 1,600 ಮೀಟರ್‌ನಲ್ಲಿದೆ, ಕಾರ್ಗಿಲ್ 2,676 ಮೀಟರ್‌ನಲ್ಲಿ, ಲಾಮಾಯುರು 3,510 ಮೀಟರ್‌ನಲ್ಲಿ. ಅಲ್ಲಿಂದ ಲೇಹ್‌ಗೆ ಎತ್ತರದ ವ್ಯತ್ಯಾಸವೇ ಇಲ್ಲ. ನಡುವೆ ದಾಟುವ 3,528 ಮೀಟರ್‌ನ ಜೋಜಿ ಲಾ, 4,108 ಮೀಟರ್‌ನ ಫೋಟು ಲಾ ಎರಡರಲ್ಲೂ ಏರಿದ ದಿನವೇ ಇಳಿದುಬಿಡುತ್ತೇವೆ. ಶ್ರೀನಗರದಿಂದ ಏರಿ ಮನಾಲಿ ಕಡೆ ಇಳಿಯುವ ಸುತ್ತನ್ನು ಅನುಭವಿ ಸವಾರರು ಮೆಚ್ಚುವುದು ಈ ಕಾರಣಕ್ಕೆ.

ಹಾಗೆ ಹೋದರೆ ದಿನಗಳು ಹೀಗೆ ಬೀಳುತ್ತವೆ. ಮೊದಲ ದಿನ ಶ್ರೀನಗರದಲ್ಲಿ ಬೈಕ್ ತಪಾಸಣೆ. ಎರಡನೇ ದಿನ ಕಾರ್ಗಿಲ್. ದೂರ 200 ಕಿ.ಮೀ. ಆದರೂ ಜೋಜಿ ಲಾದ ಮಣ್ಣುದಾರಿ, ಲಾರಿಗಳ ಸಾಲು, ದ್ರಾಸ್‌ನ ಯುದ್ಧ ಸ್ಮಾರಕ ಸೇರಿ ಇಡೀ ಹಗಲು ಬೇಕು. ತೊಲೊಲಿಂಗ್ ಬೆಟ್ಟದ ಬುಡದಲ್ಲಿರುವ ಆ ಸ್ಮಾರಕದಲ್ಲಿ 1999ರ ಕಾರ್ಗಿಲ್ ಯುದ್ಧದಲ್ಲಿ ಮಡಿದ ಯೋಧರ ಹೆಸರುಗಳನ್ನು ಓದದೆ, ಹೆಲ್ಮೆಟ್ ಕೂಡ ತೆಗೆಯದೆ ಮುಂದೆ ಸಾಗುವಷ್ಟು ಬಿಗಿಯಾದ ವೇಳಾಪಟ್ಟಿ ಯಾರಿಗೂ ಬೇಡ. ಮೂರನೇ ದಿನ ಮುಲ್ಬೇಕ್‌ನ ಬಂಡೆಯಲ್ಲಿ ಕೆತ್ತಿದ ಮೈತ್ರೇಯ ಬುದ್ಧನನ್ನು ನೋಡಿ ಲಾಮಾಯುರು. ನಾಲ್ಕನೇ ದಿನ ಆಲ್ಚಿಯ ಪ್ರಾಚೀನ ಭಿತ್ತಿಚಿತ್ರಗಳು, ನಿಮ್ಮು ಬಳಿ ಸಿಂಧೂ–ಝನ್ಸ್ಕಾರ್ ನದಿಗಳ ಸಂಗಮ, ಸಂಜೆಗೆ ಲೇಹ್. ಐದನೇ ದಿನ ಪೂರ್ತಿ ವಿಶ್ರಾಂತಿ.

ಲೇಹ್‌ನಿಂದ ಮುಂದಿನ ಪ್ರಶ್ನೆ ನುಬ್ರಾ ಕಣಿವೆ ಮೊದಲೋ ಪಾಂಗಾಂಗ್ ಸರೋವರ ಮೊದಲೋ ಎಂಬುದು. ನುಬ್ರಾಕ್ಕೆ ಹೋಗಲು ಖಾರ್ದುಂಗ್ ಲಾ ದಾಟಬೇಕು, 5,359 ಮೀಟರ್. ಕೇಳಿದರೆ ಹೆದರಿಕೆಯಾಗುತ್ತದೆ. ಆದರೆ ಆಚೆ ಬದಿಯ ದಿಸ್ಕಿತ್, ಹುಂಡರ್‌ಗಳು ಲೇಹ್‌ಗಿಂತಲೂ ತಗ್ಗಿನಲ್ಲಿ, 3,100 ಮೀಟರ್ ಆಸುಪಾಸಿನಲ್ಲಿವೆ. ರಾತ್ರಿ ಒಳ್ಳೆಯ ನಿದ್ದೆ ಬರುತ್ತದೆ. ಪಾಂಗಾಂಗ್ ಸರೋವರದ ದಡವಾದರೋ 4,200 ಮೀಟರ್‌ಗೂ ಮೇಲೆ. ಆದ್ದರಿಂದ ಆರನೇ, ಏಳನೇ ರಾತ್ರಿ ನುಬ್ರಾದಲ್ಲಿ ಕಳೆದು, ಎಂಟನೇ ದಿನ ಶ್ಯೋಕ್ ನದಿಯ ದಾರಿಯಲ್ಲಿ ಪಾಂಗಾಂಗ್ ಸೇರುವುದು ಸರಿಯಾದ ಕ್ರಮ. ಆ ಹೊತ್ತಿಗೆ ದೇಹ 3,000 ಮೀಟರ್‌ಗಿಂತ ಮೇಲೆ ಐದು ರಾತ್ರಿ ಕಳೆದಿರುತ್ತದೆ. ಒಂಬತ್ತನೇ ದಿನ ಚಾಂಗ್ ಲಾ ಮೂಲಕ ಮತ್ತೆ ಲೇಹ್.

ಹತ್ತನೇ ದಿನ ಸರ್ಚು, ಸುಮಾರು 250 ಕಿ.ಮೀ. ಏರುವಾಗ ಹೆದರಿಸುತ್ತಿದ್ದ ಈ ಜಾಗ ಇಳಿಯುವಾಗ ಅಷ್ಟು ಕಾಡುವುದಿಲ್ಲ. ಪಾಂಗಾಂಗ್‌ನಲ್ಲಿ ಆಗಲೇ ಅದೇ ಎತ್ತರದಲ್ಲಿ ಮಲಗಿ ಎದ್ದಾಗಿದೆ. ತಂಗ್‌ಲಂಗ್ ಲಾ ಇಳಿದ ಮೇಲೆ ಸುಮಾರು 40 ಕಿ.ಮೀ. ಚಪ್ಪಟೆಯಾಗಿ ಹರಡಿದ ಮೋರೆ ಬಯಲು, ಮುಂದೆ 21 ತಿರುವುಗಳ ಗಟಾ ಲೂಪ್ಸ್. ಹನ್ನೊಂದನೇ ದಿನ ಬಾರಲಾಚಾ ಲಾ ದಾಟಿ ಜಿಸ್ಪಾ, ಹನ್ನೆರಡನೇ ದಿನ ಮನಾಲಿ. ಈ ಕಡೆ ಪೆಟ್ರೋಲ್ ಬಂಕ್ ವಿರಳ. ಕೇಲಾಂಗ್ ಬಳಿಯ ತಾಂಡಿಯ ಬಂಕಿನಲ್ಲಿ, ಮುಂದಿನ ಬಂಕ್ 365 ಕಿ.ಮೀ. ದೂರ ಎಂಬ ಫಲಕವೇ ಪ್ರಸಿದ್ಧವಾಗಿದೆ. ಲೇಹ್ ಬಿಡುವ ಮುನ್ನ ಟ್ಯಾಂಕ್ ಜೊತೆ ಕ್ಯಾನ್ ಕೂಡ ತುಂಬಿಸಿಕೊಳ್ಳಬೇಕು.

ಇಲ್ಲಿಗೆ ಹನ್ನೆರಡು ದಿನ. ಇದಕ್ಕೆ ಕನಿಷ್ಠ ಎರಡು ದಿನ ಸೇರಿಸಲೇಬೇಕು. ಜುಲೈ, ಆಗಸ್ಟ್‌ನಲ್ಲಿ ಹಿಮಾಚಲದ ಬದಿಯಲ್ಲಿ ಮಳೆ ಸುರಿದು ಗುಡ್ಡ ಕುಸಿಯುತ್ತದೆ. ಜೂನ್‌ನಲ್ಲೂ ಪಾಸ್‌ಗಳ ಮೇಲೆ ಹಿಮ ಬಿದ್ದು ರಸ್ತೆ ಮುಚ್ಚುವುದುಂಟು. ಗಡಿ ರಸ್ತೆ ಸಂಸ್ಥೆಯ ಸಿಬ್ಬಂದಿ ದಾರಿ ತೆರವು ಮಾಡುವವರೆಗೆ ಕಾಯುವುದೊಂದೇ ಉಪಾಯ. ರಸ್ತೆಗೆ ಅಡ್ಡ ಹರಿಯುವ ಹಿಮದ ತೊರೆಗಳು ಬೆಳಿಗ್ಗೆ ಸಣ್ಣಗಿದ್ದು, ಬಿಸಿಲೇರಿ ಹಿಮ ಕರಗಿದಂತೆ ಮಧ್ಯಾಹ್ನಕ್ಕೆ ಉಕ್ಕುತ್ತವೆ. ಬೆಳಿಗ್ಗೆ ಆರಕ್ಕೆ ಹೊರಟು ಮೂರು ನಾಲ್ಕರೊಳಗೆ ತಂಗುವ ಊರು ಸೇರುವಂತೆ ಪ್ರತಿ ದಿನವನ್ನೂ ಅಳೆಯಬೇಕು. ಕತ್ತಲಲ್ಲಿ ಓಡಿಸಿ ದಿನ ಉಳಿಸುವ ಯೋಚನೆ ಇಲ್ಲಿ ಬೇಡ.

ಬೆಂಗಳೂರಿನಿಂದಲೇ ಸವಾರಿ ಮಾಡಿಕೊಂಡು ಹೋಗುವವರ ಲೆಕ್ಕ ಬೇರೆ. ದೆಹಲಿಗೇ ಸುಮಾರು 2,150 ಕಿ.ಮೀ., ಅಲ್ಲಿಂದ ಶ್ರೀನಗರಕ್ಕೆ ಇನ್ನೂ 800. ದಿನಕ್ಕೆ 500–550 ಕಿ.ಮೀ. ಓಡಿಸಿದರೂ ಹೋಗಲು ಐದಾರು ದಿನ, ಬರಲು ಐದು ದಿನ ಬೇಕು. ಒಟ್ಟು ರಜೆ ಇಪ್ಪತ್ತೈದು ದಿನದ ಹತ್ತಿರ ಹೋಗುತ್ತದೆ. ಬೈಕನ್ನು ರೈಲಿನ ಪಾರ್ಸೆಲ್‌ನಲ್ಲಿ ಕಳಿಸಿದರೆ ದಿನ ಉಳಿಯುತ್ತದೆ, ಆದರೆ ಅದು ನಾವು ತಲುಪುವ ದಿನವೇ ತಲುಪುತ್ತದೆಂಬ ಭರವಸೆಯಿಲ್ಲ. ಒಂದೆರಡು ದಿನ ಮುಂಚೆಯೇ ಕಳಿಸಬೇಕು. ಶ್ರೀನಗರದಲ್ಲೋ ಮನಾಲಿಯಲ್ಲೋ ಬಾಡಿಗೆಗೆ ಪಡೆದ ಬೈಕನ್ನು ನುಬ್ರಾ, ಪಾಂಗಾಂಗ್ ಕಡೆ ಒಯ್ಯಲು ಲಡಾಖ್‌ನ ಬಾಡಿಗೆ ಬೈಕ್ ಸಂಘಟನೆಗಳು ಬಿಡುವುದಿಲ್ಲ. ಅಷ್ಟು ದಿನಕ್ಕೆ ಲೇಹ್‌ನಲ್ಲಿ ಬೇರೆ ಬೈಕ್ ಹಿಡಿಯಬೇಕು.

ಒಂದೇ ವಾರ ಸಿಗುವವರು ಏನು ಮಾಡಬೇಕು? ಸುತ್ತುದಾರಿಯ ಆಸೆ ಬಿಟ್ಟು ವಿಮಾನದಲ್ಲಿ ಲೇಹ್‌ಗೆ ಇಳಿಯುವುದು ಒಳ್ಳೆಯದು. ಹೀಗೆ ಬರುವವರು ಮೊದಲ 48 ಗಂಟೆ ಎಲ್ಲೂ ಹೋಗದೆ ವಿಶ್ರಾಂತಿ ಪಡೆಯಬೇಕೆಂದು ಲಡಾಖ್ ಆಡಳಿತವೇ ಹೇಳುತ್ತದೆ. ಮೂರನೇ ದಿನ ಬಾಡಿಗೆ ಬೈಕಿನಲ್ಲಿ ಸಂಗಮ, ಆಲ್ಚಿ. ನಾಲ್ಕು ಮತ್ತು ಐದನೇ ದಿನ ನುಬ್ರಾ. ಆರನೇ ದಿನ ಕೈಯಲ್ಲಿ ಬಿಡುವು. ಏಳನೇ ದಿನ ವಾಪಸು. ರಜೆ ಇನ್ನೂ ಒಂದು ದಿನ ಕಡಿಮೆಯಾದರೆ ಹೊಡೆದುಹಾಕಬೇಕಾದದ್ದು ಆಲ್ಚಿಯನ್ನು, ಆ 48 ಗಂಟೆಯನ್ನಲ್ಲ. ಸುತ್ತುದಾರಿ ಹಿಡಿದವರಿಗೂ ಹೀಗೆಯೇ. ದಾರಿಯಲ್ಲಿ ದಿನ ಕಳೆದುಹೋದರೆ ಪಾಂಗಾಂಗ್ ಬಿಡಬಹುದು, ಲೇಹ್‌ನ ವಿಶ್ರಾಂತಿ ಬಿಡುವಂತಿಲ್ಲ. ಊರಿಗೆ ಮರಳುವ ಟಿಕೆಟ್ಟನ್ನು ಮನಾಲಿ ಮುಟ್ಟುವ ಮರುದಿನಕ್ಕಲ್ಲ, ಮೂರನೇ ದಿನಕ್ಕೆ ಕಾದಿರಿಸಿ.