ತೊಗಲುಗೊಂಬೆಯ ಬೆನ್ನ ಹಿಂದಿನ ಬೆಳಕು

ನಮ್ಮ ದಾವಣಗೆರೆ ಜಿಲ್ಲೆಯ ಕತ್ತಲಗೆರೆಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರಕ್ಕೆ ಹೋದ ರೈತರು ಬೀಜವನ್ನು ದೂರದಿಂದ ನೋಡಿ ವಾಪಸು ಬರುವುದಿಲ್ಲ. ತಾಕಿಗೆ ಇಳಿಯುತ್ತಾರೆ. ತೆನೆಯನ್ನು ಅಂಗೈಯಲ್ಲಿ ಹಿಡಿದು ನೋಡುತ್ತಾರೆ. ಎಷ್ಟು ದಿನದ ಬೆಳೆ, ನೀರೆಷ್ಟು ಬೇಕು, ರೋಗ ತಡೆಯುತ್ತದೆಯೇ ಎಂದು ಕೇಳುತ್ತಾರೆ. ತಳಿ ಕಾಪಾಡುವ ಕೆಲಸ, ಅದನ್ನು ಬೆಳೆಯುವ ಬಗೆ ತಿಳಿಸುವ ಕೆಲಸ ಎರಡೂ ಅಲ್ಲಿ ಒಂದೇ ಬೇಲಿಯೊಳಗೆ ನಡೆಯುತ್ತವೆ.

ಚಿತ್ರ, ಶಿಲ್ಪ, ಗೊಂಬೆಗಳಿಗೂ ಇಂಥದೊಂದು ಜಾಗ ನಮ್ಮ ನಾಡಿನಲ್ಲಿದೆ. ಅದು ಬೆಂಗಳೂರಿನ ಕುಮಾರಕೃಪಾ ರಸ್ತೆಯ ಕರ್ನಾಟಕ ಚಿತ್ರಕಲಾ ಪರಿಷತ್ತು. ದಾವಣಗೆರೆಯಿಂದ ಸುಮಾರು 260 ಕಿ.ಮೀ. ದೂರ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಕಡೆಯಿಂದ ಶಾಲಾ ಪ್ರವಾಸಕ್ಕೆ ಹೊರಟ ಬಸ್ಸು ವಿಧಾನಸೌಧದ ಮುಂದೆ ನಿಲ್ಲುತ್ತದೆ, ಲಾಲ್‌ಬಾಗಿನ ಗೇಟಿನಲ್ಲಿ ನಿಲ್ಲುತ್ತದೆ. ವಿಧಾನಸೌಧದಿಂದ ಹೆಚ್ಚು ದೂರವಿಲ್ಲದ ಪರಿಷತ್ತಿನ ಅಂಗಳಕ್ಕೂ ಆ ಬಸ್ಸು ಬರಬೇಕು ಎಂಬುದು ಈ ಲೇಖನದ ಆಸೆ.

ಪರದೆಯಿಂದ ಗೋಡೆಗೆ

ಪರಿಷತ್ತು ಶುರುವಾದದ್ದು 1960ರಲ್ಲಿ. ಅದನ್ನು ಕಟ್ಟಿದವರಲ್ಲಿ ಕಲಾವಿದರಾದ ಎಂ. ಆರ್ಯಮೂರ್ತಿ ಮತ್ತು ಎಂ.ಎಸ್. ನಂಜುಂಡರಾವ್ ಮುಖ್ಯರು. ನಂಜುಂಡರಾವ್ ಅವರಿಗೆ ತೊಗಲುಗೊಂಬೆಗಳೆಂದರೆ ಜೀವ. ಅವುಗಳನ್ನು ಸಂಗ್ರಹಿಸಿದರು, ಅಧ್ಯಯನ ಮಾಡಿದರು, ಪುಸ್ತಕ ಬರೆದರು. ಆ ಶ್ರಮದ ಫಲ ಇಂದು ಪರಿಷತ್ತಿನ ಸಂಗ್ರಹಾಲಯದಲ್ಲಿದೆ.

ಒಂದು ಗೊಂಬೆಯನ್ನು ಹತ್ತಿರ ನಿಂತು ನೋಡಿ. ಆಡಿನ ಅಥವಾ ಜಿಂಕೆಯ ಚರ್ಮವನ್ನು ಕೂದಲು ತೆಗೆದು, ಹದ ಮಾಡಿ, ಬೆಳಕು ಹಾಯುವಷ್ಟು ತೆಳುವಾಗಿಸಿರುತ್ತಾರೆ. ಕೆಂಪು, ಹಸಿರು, ಕಪ್ಪು ಬಣ್ಣ ತುಂಬಿರುತ್ತಾರೆ. ಒಡವೆ ಇರಬೇಕಾದಲ್ಲಿ, ಸೀರೆಯ ಅಂಚಿನಲ್ಲಿ, ಕಿರೀಟದ ಸುತ್ತ ಸಣ್ಣ ಸಣ್ಣ ತೂತುಗಳಿರುತ್ತವೆ. ಮುಂದಿನಿಂದ ನೋಡಿದರೆ ಅವು ಬರೀ ತೂತು. ಹಿಂದಿನಿಂದ ಬೆಳಕು ಬಿದ್ದರೆ ಸಾಕು, ಸರದ ಮಣಿಗಳಾಗಿ ಹೊಳೆಯುತ್ತವೆ. ಚಿಕ್ಕ ಗೊಂಬೆಗಳನ್ನು ಒಂದೇ ಕೈಯಲ್ಲಿ ಆಡಿಸಬಹುದು. ದೊಡ್ಡ ಗೊಂಬೆಗಳು ಮಗುವಿನ ಎತ್ತರಕ್ಕೆ ನಿಲ್ಲುತ್ತವೆ. ರಥ, ಕುದುರೆ, ಸಾರಥಿ ಎಲ್ಲವನ್ನೂ ಒಂದೇ ತೊಗಲಿನಲ್ಲಿ ಕೊರೆದವೂ ಉಂಟು.

ಇದು ಹಳ್ಳಿಯ ಕಲೆ. ಸಂಜೆ ಕಳೆದ ಮೇಲೆ ಬಿಳಿ ಬಟ್ಟೆ ಕಟ್ಟಿ, ಹಿಂದೆ ದೀಪ ಹಚ್ಚಿದರೆ ಬೆಳಗಿನವರೆಗೂ ರಾಮಾಯಣ, ಮಹಾಭಾರತ ನಡೆಯುತ್ತಿತ್ತು. ನಡುನಡುವೆ ಕಿಳ್ಳೇಕ್ಯಾತ, ಬಂಗಾರಕ್ಕ ಎಂಬ ಹಾಸ್ಯದ ಗೊಂಬೆಗಳು ಬಂದು ನಗಿಸುತ್ತಿದ್ದವು. ಮಳೆ ಹೋದಾಗ, ದನಕರುಗಳಿಗೆ ರೋಗ ಬಂದಾಗ ಊರವರೇ ಮೇಳದವರನ್ನು ಕರೆಸಿ ಆಡಿಸುತ್ತಿದ್ದರು. ಸಿನಿಮಾ, ಟಿ.ವಿ. ಬಂದ ಮೇಲೆ ಮೇಳಗಳು ಕರಗಿದವು. ತೊಗಲಿಗೆ ತೇವವೂ ಆಗದು, ಹುಳವೂ ಆಗದು. ಕಾಪಾಡುವವರಿಲ್ಲದಿದ್ದರೆ ಗೊಂಬೆ ಉಳಿಯುವುದಿಲ್ಲ.

ಗೊಂಬೆ ಆಡಿಸುವವರು ಮಾತ್ರ ಇನ್ನೂ ಇದ್ದಾರೆ. ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ವಯಸ್ಸು 90 ದಾಟಿತ್ತು. ಗೋಡೆಯ ಮೇಲಿನ ಗೊಂಬೆಯನ್ನು ನೋಡುವ ಮಕ್ಕಳಿಗೆ ಆ ಹಿರಿಯ ಜೀವದ ವಿಷಯವನ್ನೂ ಹೇಳಬೇಕು.

ಹುಣಸೆಕಡ್ಡಿಯ ಇದ್ದಿಲು, ಚಿನ್ನದ ರೇಕು

ಪರಿಷತ್ತಿನ ಮತ್ತೊಂದು ದೊಡ್ಡ ಆಸ್ತಿ ಮೈಸೂರು ಸಾಂಪ್ರದಾಯಿಕ ಚಿತ್ರಗಳು. ಹಳೆಯ ಚಿತ್ರಗಾರರು ಹುಣಸೆಕಡ್ಡಿ ಸುಟ್ಟ ಇದ್ದಿಲಿನಿಂದ ಮೊದಲ ಗೆರೆ ಎಳೆಯುತ್ತಿದ್ದರು. ಒಡವೆ, ಜರಿ, ಕಮಾನು ಬರುವ ಕಡೆ ಮಕ್ಕಿ ಎಂಬ ಅಂಟು ಮತ್ತು ಸಫೇದ ಎಂಬ ಬಿಳಿ ಪುಡಿಯ ಲೇಪ ಕೊಟ್ಟು ಉಬ್ಬಿಸಿ, ಅದರ ಮೇಲೆ ತೆಳುವಾದ ಚಿನ್ನದ ರೇಕು ಅಂಟಿಸುತ್ತಿದ್ದರು. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ, ಮೇಲೆ ಗಾಜಿನ ಹರಳು. ಮೈಸೂರಿನದು ನಾಜೂಕು. ಚಿತ್ರವನ್ನು ಓರೆಯಾಗಿ ನೋಡಿದಾಗಲೇ ಅದರ ಉಬ್ಬು ಕಣ್ಣಿಗೆ ಸಿಗುತ್ತದೆ. ಇದನ್ನು ಮೊಬೈಲಿನ ಪರದೆಯಲ್ಲಿ ನೋಡಲಾಗದು. ಮೂಲಕೃತಿಯ ಮುಂದೆ ನಿಲ್ಲಲೇಬೇಕು.

ಹೊರಗಿನ ಪ್ರಪಂಚಕ್ಕೂ ಅಲ್ಲಿ ಕಿಟಕಿಯಿದೆ. ಹಿಮಾಲಯವನ್ನು ಬಣ್ಣದಲ್ಲಿ ಹಿಡಿದ ರಷ್ಯಾದ ನಿಕೊಲಸ್ ರೋರಿಕ್ ಮತ್ತು ಅವರ ಮಗ ಸ್ವೆತೊಸ್ಲಾವ್ ರೋರಿಕ್ ಅವರ ಕೃತಿಗಳಿಗೆ ಪ್ರತ್ಯೇಕ ಗ್ಯಾಲರಿ ಇದೆ. ನಟಿ ದೇವಿಕಾರಾಣಿಯವರನ್ನು ಮದುವೆಯಾಗಿ ಬೆಂಗಳೂರಿನ ಹೊರವಲಯದ ತಾತಗುಣಿ ಎಸ್ಟೇಟಿನಲ್ಲಿ ಬಾಳಿದ ಸ್ವೆತೊಸ್ಲಾವ್ ಪರಿಷತ್ತಿಗೆ ಬೆನ್ನೆಲುಬಾಗಿದ್ದವರು. ಉದ್ಯಮಿ ಎಚ್.ಕೆ. ಕೇಜ್ರಿವಾಲ್ ತಮ್ಮ ಸ್ವಂತ ಸಂಗ್ರಹವನ್ನೇ ಇಲ್ಲಿಗೆ ಕೊಟ್ಟರು. ಮನೆಯ ಗೋಡೆಯಲ್ಲಿ ಇರಬಹುದಾಗಿದ್ದ ಚಿತ್ರಗಳು ಹೀಗೆ ಎಲ್ಲರವಾದವು.

ಸಂಗ್ರಹದ ಪಕ್ಕದಲ್ಲೇ ತರಗತಿ

ಈ ಸಂಗ್ರಹಾಲಯದ ದೊಡ್ಡ ಗುಣವೆಂದರೆ, ಅದೇ ಆವರಣದಲ್ಲಿ ಲಲಿತಕಲಾ ಮಹಾವಿದ್ಯಾಲಯವೂ ಬೆಳೆದದ್ದು. ಪಿಯುಸಿ ಮುಗಿಸಿದವರು ಇಲ್ಲಿ ನಾಲ್ಕು ವರ್ಷದ ಬಿ.ವಿ.ಎ. ಪದವಿಗೆ ಸೇರಬಹುದು. ಚಿತ್ರಕಲೆ, ಶಿಲ್ಪ, ಗ್ರಾಫಿಕ್, ಅನ್ವಯಿಕ ಕಲೆ ಕಲಿಯಬಹುದು. ಬೆಳಿಗ್ಗೆ ಹಳೆಯ ಗೊಂಬೆಯನ್ನು ನೋಡಿದ ವಿದ್ಯಾರ್ಥಿ ಮಧ್ಯಾಹ್ನ ತನ್ನ ಹಾಳೆಯ ಮೇಲೆ ಗೆರೆ ಎಳೆಯಬಹುದು. ಎರಡು ದಶಕಗಳಿಂದ ಜನವರಿಯಲ್ಲಿ ನಡೆಯುವ ‘ಚಿತ್ರಸಂತೆ’ಯ ದಿನವಂತೂ ಕುಮಾರಕೃಪಾ ರಸ್ತೆಯೇ ಗ್ಯಾಲರಿ. ಕಲಾವಿದರು ಫುಟ್‌ಪಾತಿನಲ್ಲಿ ಚಿತ್ರ ಹರವಿ ಕೂರುತ್ತಾರೆ. ಕೊಳ್ಳುವವರು, ಬರೀ ನೋಡುವವರು ಅವರ ಎದುರೇ ನಿಂತು ಮಾತಾಡುತ್ತಾರೆ.

ನಮ್ಮ ಕಡೆಯ ಮಕ್ಕಳಲ್ಲಿ ಕೈಚಳಕಕ್ಕೆ ಬರವಿಲ್ಲ. ಪ್ರತಿಭಾ ಕಾರಂಜಿಯಲ್ಲಿ ಚಿತ್ರ ಬರೆಯುತ್ತಾರೆ. ಲೋಯರ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುತ್ತಾರೆ. ಅವರಿಗೆ ಸಿಗಬೇಕಾದ್ದು ಒಳ್ಳೆಯ ಕೃತಿಯನ್ನು ಎದುರಿಗೆ ನಿಂತು ನೋಡುವ ಅವಕಾಶ. ಅದಕ್ಕೆ ಬೆಂಗಳೂರಿನವರೆಗೆ ಕಾಯಬೇಕೆಂದೂ ಇಲ್ಲ. ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ ಜಿಲ್ಲಾ ಕೇಂದ್ರದಲ್ಲೇ ಇದೆ. ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ ಇದೆ. ನೀರಿನ ನಡುವಿನ ಅದರ ವಸಂತ ಮಂಟಪವನ್ನು ಮೆಟ್ಟಿಲ ಮೇಲೆ ಕೂತು ಒಂದು ಗಂಟೆ ಬರೆದ ಮಗು ಮತ್ತೆ ಯಾವ ಕಟ್ಟಡವನ್ನೂ ಸುಮ್ಮನೆ ದಾಟಿ ಹೋಗುವುದಿಲ್ಲ.

ಶಿಕ್ಷಕರಲ್ಲಿ, ಎಸ್‌ಡಿಎಂಸಿಯವರಲ್ಲಿ ಒಂದು ವಿನಂತಿ. ಮುಂದಿನ ಪ್ರವಾಸದ ಪಟ್ಟಿಗೆ ಚಿತ್ರಕಲಾ ಪರಿಷತ್ತನ್ನು ಸೇರಿಸಿ. ಹೊರಡುವ ಮುಂಚೆ ಶಾಲೆಯಲ್ಲೇ ಒಂದು ಪಾಠ ಮಾಡಿ: ಡ್ರಾಯಿಂಗ್ ಹಾಳೆಯಲ್ಲಿ ಗೊಂಬೆ ಬರೆಸಿ, ಬಣ್ಣ ಹಾಕಿಸಿ, ಕತ್ತರಿಸಿ. ಹಾಳೆಗೆ ಸ್ವಲ್ಪ ಎಣ್ಣೆ ಸವರಿದರೆ ಬೆಳಕು ಹಾಯುತ್ತದೆ. ಒಡವೆಯ ಜಾಗದಲ್ಲಿ ದಬ್ಬಣದಿಂದ ಚುಚ್ಚಿಸಿ. ಕಿಟಕಿ ಮುಚ್ಚಿ, ಬಿಳಿ ಪಂಚೆ ಕಟ್ಟಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಆ ಮಣಿಗಳು ಹೊಳೆದದ್ದನ್ನು ಒಮ್ಮೆ ಕಂಡ ಮಕ್ಕಳನ್ನು ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ. ಗೋಡೆಯ ಮೇಲಿನ ಗೊಂಬೆ ಏನೆಂದು ಅವರೇ ನಿಮಗೆ ಹೇಳುತ್ತಾರೆ.