ತೆಂಗಿನ ಸೀಮೆಯ ಟೂರಿಂಗ್ ಟಾಕೀಸು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಸೀಮೆಯಲ್ಲಿ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಸುಮಾರು ಒಂದು ವರ್ಷ ಕಾಯುವುದು ವಾಚಕರಿಗೆ ವಿದಿತವೇ ಸರಿ. ಇಷ್ಟು ತಾಳ್ಮೆಯುಳ್ಳ ಗೃಹಸ್ಥರೂ ಕೊಬ್ಬರಿ ಮಾರಿದ ದಿನ ಸಂಜೆ ತಾಳ್ಮೆಯನ್ನು ಬದಿಗಿಟ್ಟು, ಗಾಡಿ ಕಟ್ಟಿಸಿ, ಮಕ್ಕಳುಮರಿಗಳೊಡನೆ ಸಿನಿಮಾ ಡೇರೆಗೆ ಹೊರಡುತ್ತಿದ್ದರು. ಆ ಡೇರೆಯ ಪೂರ್ವೋತ್ತರವನ್ನು ನಾಲ್ಕು ಮಾತುಗಳಲ್ಲಿ ನಿವೇದಿಸಬೇಕೆಂಬುದು ನಮ್ಮ ಇಚ್ಛೆ.

ಚಲಚ್ಚಿತ್ರಕ್ಕೆ ಮುಂಚೆ ಇಲ್ಲಿಯ ಜನಕ್ಕೆ ನಾಟಕವೇ ದೊಡ್ಡ ವಿನೋದವಾಗಿದ್ದಿತು. ನೆರೆಯ ಗುಬ್ಬಿಯಲ್ಲಿ ೧೮೮೪ರಲ್ಲಿ ಚನ್ನಬಸವೇಶ್ವರ ನಾಟಕ ಕಂಪೆನಿಯು ಹುಟ್ಟಿತು. ಬಳಿಕ ಅದಕ್ಕೆ ಒಡೆಯರಾದ ಗುಬ್ಬಿ ವೀರಣ್ಣನವರು (೧೮೯೧-೧೯೭೨) ಕನ್ನಡ ವಾಕ್ಚಿತ್ರಕ್ಕೂ ಆಶ್ರಯದಾತರಾದರು. ೧೯೩೪ರಲ್ಲಿ ‘ಸತೀ ಸುಲೋಚನಾ’ ಚಿತ್ರವು ಬೆಂಗಳೂರಿನಲ್ಲಿ ತೆರೆ ಕಂಡಿತು. ಮರುವರ್ಷವೇ ವೀರಣ್ಣನವರ ‘ಸದಾರಮೆ’ ಬಂದಿತು. ರಾಜಕುಮಾರರು ನಾಯಕರಾಗಿ ಮೊದಲು ಕಾಣಿಸಿಕೊಂಡ ೧೯೫೪ರ ‘ಬೇಡರ ಕಣ್ಣಪ್ಪ’ವನ್ನು ಹೊರತಂದವರಲ್ಲಿಯೂ ಅವರೇ ಪ್ರಮುಖರು. ಊರಿಂದೂರಿಗೆ ಹೋಗಿ ಬಿಡಾರ ಹೂಡುವ ನಾಟಕದವರ ಪದ್ಧತಿಯನ್ನೇ ಟೂರಿಂಗ್ ಟಾಕೀಸಿನವರೂ ಅನುಸರಿಸಿದರು.

ಡೇರೆಯ ಹಿಂಬದಿಯಲ್ಲಿ ಯಂತ್ರದ ಕೋಣೆ. ಎರಡು ಇದ್ದಲಿನ ಕಡ್ಡಿಗಳ ತುದಿಗಳ ನಡುವೆ ವಿದ್ಯುತ್ತು ಹಾಯ್ದು ಪ್ರಖರವಾದ ಬೆಳಕು ಹೊರಡುವುದು. ಕಡ್ಡಿಗಳು ಉರಿದು ಸವೆದಂತೆಲ್ಲ ಆಪರೇಟರನು ಅವುಗಳನ್ನು ಸರಿಪಡಿಸುತ್ತಿರಬೇಕು. ಮೈಮರೆತನೋ ತೆರೆ ಮಂಕಾಗುವುದು. ಯಂತ್ರವು ಒಂದೇ ಆದಲ್ಲಿ ಪ್ರತಿ ರೀಲು ಮುಗಿದಾಗಲೂ ಕತ್ತಲೆ, ಜೊತೆಗೆ ಸಿಳ್ಳು! ೧೯೫೦ರ ಸುಮಾರಿನವರೆಗೆ ಬಳಕೆಯಲ್ಲಿದ್ದ ನೈಟ್ರೇಟು ಫಿಲ್ಮಾದರೋ ಬಲು ಬೇಗ ಹೊತ್ತಿಕೊಳ್ಳುವ ವಸ್ತು. ಹೊತ್ತಿಕೊಂಡರೆ ನೀರಿನಿಂದಲೂ ಆರದು. ಆದಕಾರಣವೇ ಯಂತ್ರದ ಕೋಣೆಯನ್ನು ಜನರಿಂದ ಬೇರ್ಪಡಿಸುವ ನಿಯಮಗಳು ಹುಟ್ಟಿದುವು.

ಜನರಿಗೆ ನೆಲ, ಬೆಂಚು, ಕುರ್ಚಿ ಎಂಬ ತರಗತಿಗಳು. ಹೆಂಗಸರಿಗೆ ಪ್ರತ್ಯೇಕ ಸ್ಥಳ. ನೆಲದವರು ಮರಳನ್ನು ಗುಡ್ಡೆ ಮಾಡಿಕೊಂಡು ಅದನ್ನೇ ಪೀಠವಾಗಿಸಿಕೊಳ್ಳುವರು. ಮಂಡಿಯ ಸಾಹುಕಾರರು ಕುರ್ಚಿಯಲ್ಲಿ, ಕಾಯಿ ಸುಲಿಯುವ ಆಳು ನೆಲದಲ್ಲಿ. ಈ ಭೇದವು ಇದ್ದೇ ಇದ್ದಿತು. ಆದರೂ ನರಸಿಂಹರಾಜು ತೆರೆಗೆ ಬಂದೊಡನೆ ಇಬ್ಬರೂ ಒಟ್ಟಿಗೆ ನಗುತ್ತಿದ್ದರು.

ಇಲ್ಲಿ ನಮ್ಮದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗಿದೆ. ಉಪಾಧ್ಯಾಯ ವೃತ್ತಿಯಲ್ಲಿ ಹೊಸಬರಾಗಿದ್ದಾಗ, ರಾತ್ರಿ ಡೇರೆಗೆ ಹೋಗಿ ಬೆಳಗ್ಗೆ ತರಗತಿಯಲ್ಲಿ ತೂಕಡಿಸಿದ ಹುಡುಗನೊಬ್ಬನನ್ನು ನಾವು ದಂಡಿಸಿದೆವು. “ಅಲ್ಲೇನು ಕಲಿತೆಯೋ?” ಎಂದು ಗದರಿದೆವು. ಅವನು ಅಳುತ್ತಲೇ ‘ಸತ್ಯ ಹರಿಶ್ಚಂದ್ರ’ದ ಸ್ಮಶಾನದ ಪ್ರಸಂಗವನ್ನು ಒಪ್ಪಿಸತೊಡಗಿದನು. ೧೯೬೫ರ ಆ ಚಿತ್ರವನ್ನು ಡೇರೆಯವರು ಮತ್ತೆ ಮತ್ತೆ ತರುತ್ತಿದ್ದರು. ವರ್ಷವಿಡೀ ನಾವು ತಿದ್ದಿದರೂ ಆ ಬಾಲಕನ ನಾಲಗೆಯಲ್ಲಿ ನಿಲ್ಲದಿದ್ದ ಮಹಾಪ್ರಾಣಗಳು ಅಂದು ಒಂದೂ ತಪ್ಪಲಿಲ್ಲ. ಚಂದ್ರಮತಿಯ ಮಾತು ಬಂದಾಗ ತರಗತಿಯೇ ಸ್ತಬ್ಧವಾಯಿತು. ನಾವು ಬೆತ್ತವನ್ನು ಮೇಜಿನೊಳಗಿಟ್ಟೆವು. ಆ ಕಾರಣಕ್ಕಾಗಿ ಅದನ್ನು ಮತ್ತೆಂದೂ ಹೊರತೆಗೆಯಲಿಲ್ಲ.

೧೯೮೦ರ ದಶಕದಿಂದೀಚೆಗೆ ದೂರದರ್ಶನವು ಮನೆಮನೆಗೂ ಬಂದಿತು. ಡೇರೆಗಳು ಒಂದೊಂದಾಗಿ ಎದ್ದುವು. ೨೦೧೦ರ ನಂತರ ರೀಲುಗಳೂ ಮರೆಯಾಗಿ, ಆಪರೇಟರನ ಕೈಯ ವಿದ್ಯೆಗೆ ಕೆಲಸವಿಲ್ಲವಾಯಿತು. ೨೦೨೦ರ ಮಹಾಮಾರಿಯಲ್ಲಿ ಕದ ಮುಚ್ಚಿದ ಸಣ್ಣ ಊರುಗಳ ಚಿತ್ರಮಂದಿರಗಳಲ್ಲಿ ಕೆಲವು ಮತ್ತೆ ತೆರೆಯಲೇ ಇಲ್ಲ.

ಹೋದುದನ್ನು ಮರಳಿ ತರುವುದು ನಮ್ಮಿಂದಾಗದು. ಆದರೆ ಟಿಕೆಟು ಹರಿದವರು, ಜಟಕಾದಲ್ಲಿ ಕುಳಿತು ಚಿತ್ರದ ಹೆಸರು ಸಾರಿದವರು, ಕಡ್ಡಿ ಸರಿಪಡಿಸಿದವರು ಇನ್ನೂ ಕೆಲವರು ನಮ್ಮ ನಡುವೆ ಇದ್ದಾರೆ. ಗೃಹಸ್ಥರು ಅಂಥವರನ್ನು ಒಂದು ಸಂಜೆ ಮನೆಗೆ ಕರೆದು, ಕಾಫಿ ಕೊಟ್ಟು, ಅವರು ಹೇಳುವುದನ್ನು ಮಕ್ಕಳ ಕೈಯಲ್ಲಿ ಬರೆಯಿಸಿಡಲಿ. ಕೊಬ್ಬರಿಯಂತೆ ಇದು ಅಟ್ಟದ ಮೇಲೆ ವರ್ಷಗಟ್ಟಲೆ ಕಾಯತಕ್ಕ ಕೆಲಸವಲ್ಲ.